ಮೂರು ಮಹಡಿಯ ಕೊಲೋನ್

"ಗೈಡ್ ಬೇಡ, ಬಸ್ಸೂ ಬೇಡ. ಕೊಲೋನ್ ಊರನ್ನ ನಾನೇ ನಡೆಸಿ ತೋರಿಸ್ತೀನಿ, ನಾನೇ ತಿನ್ನಿಸ್ತೀನಿ. ನೀನು ಬಾಯಿ ತಂದ್ರೆ ಸಾಕು."

ಮ್ಯಾಕ್ಸಿಮ್ ಹೆಂಡತಿಗೆ ಹೀಗೆ ಮಾತು ಕೊಟ್ಟಿದ್ದು ೨೦೧೦ರ ಜನವರಿಯಲ್ಲಿ. ಅಮೆರಿಕದ ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದ ಫೋನ್ ಕಂಪನಿಯೊಂದರಲ್ಲಿ ಟವರ್‌ಗಳ ನಕ್ಷೆ ಬರೆಯುವುದು ಅವನ ಕೆಲಸ. ಕೈಯಲ್ಲೊಂದು ನಕ್ಷೆ ಇದ್ದುಬಿಟ್ಟರೆ ಭೂಮಂಡಲವೇ ಅವನಿಗೆ ಅಪ್ಪನ ಆಸ್ತಿ. ಮೂರು ತಿಂಗಳು ಕೂತು ಜರ್ಮನಿಯ ಆ ಊರಿನ ತಿನ್ನುವ ದಾರಿಯನ್ನೆಲ್ಲ ಗೀಚಿದ. ಯಾವ ಬೀದಿಯಲ್ಲಿ ಏನು ತಿನ್ನಬೇಕು, ಎಷ್ಟು ನಿಮಿಷ ಕೂರಬೇಕು, ಕರಗಿಸಲು ಎಷ್ಟು ಹೆಜ್ಜೆ ಹಾಕಬೇಕು, ಎಲ್ಲವೂ ಅದರಲ್ಲಿತ್ತು.

ಕುಂದಾಪುರದ ಗ್ರೇಸಿಗೆ ಕೊಲೋನ್ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಬೇರೆಯವರು ಬೇಯಿಸಿದ್ದನ್ನು ಒಂದೇ ಒಂದು ದಿನ ಕೂತು ಬಿಸಿಬಿಸಿಯಾಗಿ ತಿನ್ನಬೇಕು, ಅಷ್ಟೇ ಅವಳ ಆಸೆ. ಅವರು ವಾಸವಿದ್ದ ಲಿನ್‌ವುಡ್‌ನ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹೋಗುತ್ತಿದ್ದದ್ದು ಅವಳ ಒಲೆಯಿಂದ. ಯಾರ ಅತ್ತೆ ಊರಿಂದ ಬಂದಿಳಿದರೂ ನೀರುದೋಸೆ ಅವಳ ಕಾವಲಿಯಿಂದ. ನೆಲಮಹಡಿಯ ಅಖ್ತರ್ ಜಹಾನ್‌ಗೆ ಹೆರಿಗೆಯಾದಾಗ ನಲವತ್ತು ದಿನ ಬಾಣಂತಿ ಊಟ ಇಳಿದುಹೋಗಿತ್ತು. ಹಾಗಾಗಿ ಗ್ರೇಸಿ ಒಂದೇ ಷರತ್ತು ಹಾಕಿದ್ದಳು: ಏಪ್ರಿಲ್ ಹದಿನೇಳು, ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ದಿನ, ತಾನು ಒಲೆ ಮುಟ್ಟುವುದಿಲ್ಲ.

ಹೊರಡುವ ದಿನವೇ ಐಸ್‌ಲ್ಯಾಂಡಿನ ಅಗ್ನಿಪರ್ವತ ಆಕಾಶದ ತುಂಬ ಬೂದಿ ಉಗುಳಿತು. ಯುರೋಪಿನ ವಿಮಾನಗಳು ನಿಂತವು. ಸಿಯಾಟಲ್ ಏರ್‌ಪೋರ್ಟಿನಿಂದ ಸೂಟ್‌ಕೇಸ್ ಎಳೆದುಕೊಂಡು ವಾಪಸ್ಸು ಬಂದ ಗ್ರೇಸಿ ನೇರವಾಗಿ ಫ್ರಿಜ್ ತೆರೆದು, ತುರಿದ ತೆಂಗಿನಕಾಯಿ ಹೊರಗಿಟ್ಟಳು. ಬೈದಿದ್ದರೆ ಮ್ಯಾಕ್ಸಿಮ್ ತಡೆದುಕೊಳ್ಳುತ್ತಿದ್ದ. ಆ ತೆಂಗಿನತುರಿಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಅದನ್ನ ಒಳಗಿಡು ಗ್ರೇಸಿ. ನಾವು ಕೊಲೋನ್‌ಗೆ ಹೋಗಕ್ಕಾಗದಿದ್ರೆ ಕೊಲೋನನ್ನೇ ಇಲ್ಲಿಗೆ ತರ್ತೀನಿ."

ಎರಡೇ ದಿನದಲ್ಲಿ ನಕ್ಷೆ ತಿದ್ದಿದ್ದಾಯಿತು. ಮೊದಲ ನಿಲ್ದಾಣ ಎರಡನೇ ಮಹಡಿಯ ವಸಂತಲಕ್ಷ್ಮಿಯ ಮನೆ; ಅಲ್ಲಿ ಆಲೂಗಡ್ಡೆ ತುರಿದು ಕರಿದ ರೊಟ್ಟಿ, ಜೊತೆಗೆ ಸೇಬಿನ ಗೊಜ್ಜು. ಎರಡನೆಯದು ಅಖ್ತರ್ ಜಹಾನ್ ಮನೆಯ ವಿನೆಗರ್‌ನಲ್ಲಿ ನೆನೆಸಿ ಬೇಯಿಸಿದ ಮಾಂಸ. ಕೊನೆಯದು ಮೂರನೇ ಮಹಡಿಯ ಸ್ವಂತ ಮನೆ. ಅಲ್ಲಿ 'ಸ್ವರ್ಗ ಮತ್ತು ಭೂಮಿ' ಎಂಬ ಖಾದ್ಯ: ಮರದ ಮೇಲಿನ ಸೇಬು ಸ್ವರ್ಗ, ಮಣ್ಣೊಳಗಿನ ಆಲೂಗಡ್ಡೆ ಭೂಮಿ, ಎರಡನ್ನೂ ಬೇಯಿಸಿ ಕಲೆಸುವುದು. ಹುಟ್ಟಿದಾಗಿನಿಂದ ಚಹಾ ಬಿಟ್ಟು ಬೇರೇನೂ ಕಾಯಿಸದ ಮಹಾಶಯ ಅದನ್ನು ತಾನೇ ಮಾಡುವುದಾಗಿ ಘೋಷಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಕೊಲೋನಿನ ಪಾನಶಾಲೆಯ ಪದ್ಧತಿಯೂ ಇರಲಿ ಎಂದ. ಅಲ್ಲಿ ಬಡಿಸುವವನು ಬೇಕೇ ಎಂದು ಕೇಳುವುದಿಲ್ಲ. ಪುಟ್ಟ ಲೋಟ ಬರಿದಾದ ಕೂಡಲೇ ತುಂಬಿದ ಇನ್ನೊಂದು ತಂದಿಡುತ್ತಾನೆ. ಸಾಕಾದವರು ಲೋಟದ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಮ್ಯಾಕ್ಸಿಮ್ ಕಾರ್ನ್‌ಫ್ಲೇಕ್ಸ್ ಡಬ್ಬ ಕತ್ತರಿಸಿ ಬಿಲ್ಲೆಗಳನ್ನು ಮಾಡಿ ಎರಡೂ ಮನೆಗೆ ಹಂಚಿದ. ಇಂಥ ನಿಯಮವನ್ನು ನಮ್ಮವರ ಕೈಗೆ ಕೊಡುವುದೇ? ಎಲೆಯ ಮೇಲೆ ಕೈ ಅಡ್ಡ ಹಿಡಿದವನಿಗೇ ಎರಡು ಸೌಟು ಹೆಚ್ಚು ಬೀಳುವ ನಾಡಿನವರು ನಾವು.

ಶನಿವಾರ ಮಧ್ಯಾಹ್ನ ಸ್ವರ್ಗ, ಭೂಮಿ ಎರಡನ್ನೂ ಒಂದೇ ಪಾತ್ರೆಗೆ ತುಂಬಿ, ಒಲೆ ಸಣ್ಣಗಿಟ್ಟು, ಬಾಗಿಲು ಹಾಕಿಕೊಂಡು ಯಾತ್ರೆ ಹೊರಟಿತು. ಮನೆಗೆ ಇಪ್ಪತ್ತು ನಿಮಿಷದಂತೆ ಒಂದು ಗಂಟೆಯೊಳಗೆ ವಾಪಸ್ಸು ಎಂದು ನಕ್ಷೆ ಹೇಳುತ್ತಿತ್ತು. ಒಂದು ಮಹಡಿ ಇಳಿದರೆ ಮುಗಿಯುವ ದಾರಿಗೆ ಕಟ್ಟಡವನ್ನು ಎರಡು ಸುತ್ತು ಹಾಕಿಸಿ, ಬಾಡಿಗೆ ಕಟ್ಟುವ ಆಫೀಸನ್ನು ಕೊಲೋನಿನ ದೊಡ್ಡ ಕೆಥೆಡ್ರಲ್ ಎಂದು ತೋರಿಸಿದ. ಗ್ರೇಸಿ ಶಿಲುಬೆಯ ಗುರುತು ಹಾಕಿಕೊಂಡು ನಕ್ಕಳು.

ವಸಂತಲಕ್ಷ್ಮಿಯ ಲೋಟದಲ್ಲಿದ್ದದ್ದು ಮಜ್ಜಿಗೆ. ಮೂರನೇ ಲೋಟಕ್ಕೆ ಮ್ಯಾಕ್ಸಿಮ್ ಬಿಲ್ಲೆ ಮುಚ್ಚಿದ. ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ನಮ್ಮನೇಲಿ ಎಂಥ ಸಂಕೋಚ ನಿಮಗೆ?" ಎಂದು ಮತ್ತೆ ತುಂಬಿದರು. ರೊಟ್ಟಿಗೂ ಅದೇ ನ್ಯಾಯ. ಒಂದು ತುತ್ತೆಂದು ಬರೆದಿದ್ದಲ್ಲಿ ಒಂಬತ್ತು ರೊಟ್ಟಿ ಒಳಗಿಳಿದವು. ಮುಕ್ಕಾಲು ಗಂಟೆಯಾದ ಮೇಲೆ ಆಕೆಯೂ ಸೆರಗು ಸಿಕ್ಕಿಸಿಕೊಂಡು ಯಾತ್ರೆ ಸೇರಿದರು.

ಅಖ್ತರ್ ಜಹಾನ್ ಮನೆಯಲ್ಲಿ ಹುಳಿಮಾಂಸದ ಪಕ್ಕದಲ್ಲಿ ಬಿರಿಯಾನಿಯ ಹಂಡೆಯೂ ಕೂತಿತ್ತು. ಬರೀ ಹುಳಿ ಕೊಟ್ಟು ಕಳಿಸಿದರೆ ತಮ್ಮ ಅಮ್ಮ ಬೆಂಗಳೂರಿಂದಲೇ ಫೋನ್ ಮಾಡಿ ಬೈಯುತ್ತಾರೆಂದು ಆಕೆಯ ವಾದ. ಮ್ಯಾಕ್ಸಿಮ್ ಶರಬತ್ತಿನ ಲೋಟಕ್ಕೆ ಬಿಲ್ಲೆ ಮುಚ್ಚಿ ಮೇಲೆ ಅಂಗೈಯನ್ನೂ ಇಟ್ಟ. ಆಕೆ ಅಂಗೈ ಎತ್ತಿದರು, ಬಿಲ್ಲೆ ಎತ್ತಿದರು, ತುಂಬಿದರು.

ಗ್ರೇಸಿ ಮಾತ್ರ ಯಾವ ಬಿಲ್ಲೆಯನ್ನೂ ಮುಚ್ಚಲಿಲ್ಲ. ಕಾಲು ಮಡಚಿ ಕೂತು, ಬಡಿಸಿದ್ದನ್ನೆಲ್ಲ ಸವಿದು ತಿನ್ನುತ್ತಿದ್ದಳು. ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ ಅಖ್ತರ್ ಜಹಾನ್ ಮೆತ್ತಗೆ ಹೇಳಿದರು:

"ನಲವತ್ತು ದಿನ ನೀವು ಕೊಟ್ರಿ ಅಕ್ಕ. ನಾನು ಒಂದಿನ ಕೊಡೋಣ ಅಂದ್ರೆ ನೀವು ಯಾವತ್ತೂ ಕೂತ್ಕೊಂಡೇ ಇಲ್ಲ."

ಗ್ರೇಸಿಯ ಕಣ್ಣು ತುಂಬಿತು. ಮ್ಯಾಕ್ಸಿಮ್‌ನದೂ ತುಂಬಿತು, ಅರ್ಧ ಪ್ರೀತಿಗೆ, ಅರ್ಧ ಬಿರಿಯಾನಿಗೆ. ಕೊಲೋನಿನಲ್ಲಾಗಿದ್ದರೆ ಬಿಲ್ಲೆ ಮುಚ್ಚಿದ ಕೂಡಲೇ ಲೋಟ ನಿಂತುಬಿಡುತ್ತಿತ್ತು. ಮುಚ್ಚಿದ್ದನ್ನು ಎತ್ತಿ ತುಂಬುವವರು ಅಲ್ಲಿ ಯಾರಿದ್ದರು? ಐಸ್‌ಲ್ಯಾಂಡಿನ ಬೂದಿಗೆ ಅವನು ಮನಸ್ಸಿನಲ್ಲೇ ಕೈ ಮುಗಿದ.

ಆಗ ಮೇಲಿನಿಂದ ಹೊಗೆಯ ಅಲಾರಂ ಕಿರುಚತೊಡಗಿತು. ಹೊರಟು ಎರಡೂವರೆ ಗಂಟೆಯಾಗಿತ್ತು.

ಗ್ರೇಸಿ ಥಟ್ಟನೆ ಎದ್ದಳು. "ಕೂತ್ಕೋ," ಎಂದ ಮ್ಯಾಕ್ಸಿಮ್ ವೀರನಂತೆ, "ಇವತ್ತು ಆ ಅಡುಗೆಮನೆ ನಿಂದಲ್ಲ." ಮಾತೇನೋ ಎದ್ದಿತು, ಮನುಷ್ಯ ಏಳಲಿಲ್ಲ. ವಸಂತಲಕ್ಷ್ಮಿ ಒಂದು ಕೈ, ಅಖ್ತರ್ ಜಹಾನ್ ಇನ್ನೊಂದು ಕೈ ಹಿಡಿದು ಎಬ್ಬಿಸಿದರು. ಕಂಬಿ ಹಿಡಿದು, ಮಹಡಿಗೊಮ್ಮೆ ನಿಂತು, ತುಂಬು ಗರ್ಭಿಣಿಯಂತೆ ಉಸಿರು ಬಿಡುತ್ತ ಮೇಲೆ ಹತ್ತಿದ.

ಸ್ವರ್ಗ ಹೊಗೆಯಾಗಿ ಸೂರಿಗೆ ಏರಿತ್ತು. ಭೂಮಿ ಕರಕಲಾಗಿ ತಳ ಹಿಡಿದಿತ್ತು. ಬೂದಿಗೆ ಕೈ ಮುಗಿದವನ ಪಾತ್ರೆಯಲ್ಲೇ ಬೂದಿ. ಒಲೆ ಆರಿಸಿ, ಕಿಟಕಿ ತೆರೆದು, ಮೂರು ತಿಂಗಳ ನಕ್ಷೆಯನ್ನು ಬೀಸಿ ಬೀಸಿ ಅಲಾರಂ ನಿಲ್ಲಿಸಿದ. ಅದು ಉಪಯೋಗಕ್ಕೆ ಬಂದದ್ದು ಅದೊಂದು ಸಲವೇ.

ಹಿಂದೆಯೇ ಬಂದ ಗ್ರೇಸಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ಪಾತ್ರೆ ನೋಡಿದಳು, ಗಂಡನ ಮುಖ ನೋಡಿದಳು, ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೈಯಲ್ಲಿದ್ದ ರಟ್ಟಿನ ಬಿಲ್ಲೆಯನ್ನು ಅವನಿಗೆ ಚಾಚಿ, ಒಲೆ ತಣ್ಣಗಾದ ಮೇಲೆ ಇದನ್ನು ಅದಕ್ಕೆ ಮುಚ್ಚಿ ಎಂದಳು.

ಆ ದಿನ ಕಂಡ ಬಿಲ್ಲೆಗಳನ್ನೆಲ್ಲ ಎತ್ತಿದ ಇಬ್ಬರು ಹೆಂಗಸರೂ ಅದೊಂದನ್ನು ಮುಟ್ಟಲಿಲ್ಲ. ಇಡೀ ವಾರ ಕೆಳಗಿನ ಮಹಡಿಗಳಿಂದ ಡಬ್ಬಿಗಳು ಮೇಲೆ ಹತ್ತಿ ಬಂದವು: ಹುಳಿ, ಪಲ್ಯ, ಖೀಮಾ, ಕೇಸರಿಬಾತು. ಗ್ರೇಸಿ ಮಹಾರಾಣಿಯಂತೆ ಕೂತು ತಿಂದಳು. ಮ್ಯಾಕ್ಸಿಮ್ ತಿಂದು, ಡಬ್ಬಿ ತೊಳೆದು, ಸಾಲಾಗಿ ಬೋರಲಿಟ್ಟ. ಮರು ಶನಿವಾರಕ್ಕೆ ಹನ್ನೊಂದು ಡಬ್ಬಿಗಳಾದವು.

"ಖಾಲಿ ಡಬ್ಬಿ ವಾಪಸ್ ಕೊಡೋದು ನಮ್ಮಲ್ಲಿಲ್ಲ," ಎಂದಳು ಗ್ರೇಸಿ.

ಅವಳೇ ರಜೆ ಮುಗಿಸಿದಳೆಂದು ಮ್ಯಾಕ್ಸಿಮ್ ಸಂತೋಷದಿಂದ ಒಲೆಯ ಮೇಲಿನ ಬಿಲ್ಲೆ ಎತ್ತಿ, ಏನು ಮಾಡುತ್ತೀಯ ಎಂದು ಕೇಳಿದ.

ಗ್ರೇಸಿ ಕುರ್ಚಿಯಿಂದ ಅಲ್ಲಾಡಲಿಲ್ಲ.

"ಗೈಡ್ ಬೇಡ, ನಾನೇ ತಿನ್ನಿಸ್ತೀನಿ ಅಂತ ನೀವೇ ಹೇಳಿದ್ರಲ್ಲ. ಆಲೂಗಡ್ಡೆ ಅಲ್ಲಿದೆ. ನಡೀರಿ."