ಬೀಗರ ದುರ್ಬೀನು

ನನಗೊಂದು ಕೆಟ್ಟ ಚಟವಿದೆ. ಕಾಣದ್ದನ್ನು ಕಾಣುತ್ತಿಲ್ಲ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಕಣ್ಣಿನ ಡಾಕ್ಟರ ಬಳಿ ಹೋದರೂ, ಸರದಿ ಬರುವವರೆಗೆ ಹೊರಗೆ ಕೂತು, ಒಳಗಿನವರು ಓದುವುದನ್ನು ಕೇಳಿಸಿಕೊಂಡು ಕೊನೆಯ ಸಾಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಬಿಡುತ್ತೇನೆ. ಹೀಗೆ ಒಮ್ಮೆ ತಪ್ಪು ನಂಬರಿನ ಕನ್ನಡಕ ಗಳಿಸಿ ಆರು ತಿಂಗಳು ತಲೆನೋವು ಉಂಡಿದ್ದೇನೆ. ಇದಕ್ಕೆ ಕಾರಣ ನನ್ನ ನೌಕರಿ. ಬಸವನ ಬಾಗೇವಾಡಿಯಲ್ಲಿ ಗಣಿತದ ಮಾಸ್ತರನಾಗಿದ್ದಾಗ, ಹಿಂದಿನ ಬೆಂಚಿನವನ ತೊಡೆಯ ಮೇಲಿನ ಚೀಟಿಯನ್ನು ಹಲಗೆಯ ಹತ್ತಿರ ನಿಂತೇ ಹಿಡಿಯುವವನೆಂದು ಹೆಸರಾಗಿದ್ದೆ. ನಿಜ ಹೇಳಬೇಕೆಂದರೆ ಚೀಟಿ ನನಗೆ ಎಂದೂ ಕಂಡದ್ದಿಲ್ಲ, ಚೀಟಿ ಇಟ್ಟವನ ಬೆವರಿದ ಮುಖ ಕಾಣುತ್ತಿತ್ತು. ಆದರೂ ಆ ಹೆಸರು ತಾಂಬಾದಲ್ಲಿರುವ ಬೀಗರ ಮನೆಯವರೆಗೂ ಹೋಗಿತ್ತು.

ಕಳೆದ ಚಳಿಗಾಲದಲ್ಲಿ ಮಗಳು ಪಲ್ಲವಿಯನ್ನು ನೋಡಲು ಅಲ್ಲಿಗೆ ಹೋಗಿದ್ದೆ. ಅವಳ ಮಾವ, ಅಂದರೆ ನಮ್ಮ ಬೀಗರು, ಹೊಸದಾಗಿ ಒಂದು ದುರ್ಬೀನು ತರಿಸಿದ್ದರು. ಬೆಳಿಗ್ಗೆ ಚಹಾ ಆದಮೇಲೆ ನನ್ನನ್ನು ಮಾಳಿಗೆ ಹತ್ತಿಸಿ, "ಮೊದಲ ನೀವು ನೋಡ್ರಿ ಬೀಗರ. ಎಲ್ಲಾ ನಿನ್ನೆನ ಬರೋಬರಿ ಹೊಂದಿಸಿಟ್ಟೇನಿ" ಎಂದು ಕೈಗೆ ಕೊಟ್ಟರು. ಬೀಗರು ಹೊಂದಿಸಿಟ್ಟದ್ದನ್ನು ತಿರುವುವುದೆಂದರೆ ಅವರು ಬಡಿಸಿದ ಸಾರಿಗೆ ಉಪ್ಪು ಕೇಳಿದ ಹಾಗೆ. ಕನ್ನಡಕದ ಮೇಲೆಯೇ ದುರ್ಬೀನು ಇಟ್ಟುಕೊಂಡೆ. ಸುತ್ತಲೂ ಕತ್ತಲು, ನಡುವೆ ನಾಣ್ಯದಷ್ಟು ಬೆಳಕು, ಅದರಲ್ಲೊಂದು ಕಪ್ಪು ಗೀಟು ಅಡ್ಡ ಬಿದ್ದಿತ್ತು.

"ನಮ್ಮ ಜೋಳದ ಹೊಲ ಕಾಣತೈತೇನ್ರಿ?"

"ಹೌದ್ರಿ."

"ಹಕ್ಕಿ ಕಾಯೂ ಅಟ್ಟ?"

"ಹೌದ್ರಿ, ಹೌದ್ರಿ."

"ಅದರ ಮ್ಯಾಲ ಮಲಕಪ್ಪ ಅದಾನಲ್ಲ, ಏನ್ ಮಾಡಾಕತ್ತಾನ?"

ಇದಕ್ಕೆ ಹೌದ್ರಿ ಎನ್ನಲು ಬರುವುದಿಲ್ಲವಲ್ಲ. ಅಡ್ಡ ಬಿದ್ದ ಕಪ್ಪು ಗೀಟನ್ನು ಇನ್ನೊಮ್ಮೆ ನೋಡಿ, "ಮಲಗ್ಯಾನ್ರಿ" ಎಂದುಬಿಟ್ಟೆ.

ಬೀಗರು ದುರ್ಬೀನು ಇಸಿದುಕೊಂಡು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀಗನಾದ ನನ್ನ ಮಾತನ್ನು ನನ್ನ ಎದುರಿಗೇ ಪರೀಕ್ಷೆ ಮಾಡುವಷ್ಟು ಒರಟರಲ್ಲ ಅವರು. ಕಿಸೆಯಿಂದ ಫೋನು ತೆಗೆದರು. "ತೆನಿಯೊಳಗ ಹಾಲಗಾಳ ತುಂಬ್ಯಾವು, ಹಕ್ಕಿ ಇಳದಾವು, ನೀ ಮಲಗೀಯಲ್ಲೋ? ಸುಳ್ಳ ಹೇಳಬ್ಯಾಡ, ನಮ್ಮ ಬೀಗರು ದುರ್ಬೀನಿನ್ಯಾಗ ನೋಡ್ಯಾರ." ಆ ಕಡೆಯ ಧ್ವನಿ ನನಗೂ ಕೇಳಿಸಿತು. "ಎಂಟು ವರ್ಷ ಹೊಲ ಕಾದೇನ್ರಿ ಯಜಮಾನ್ರ. ಹಿಂಗ ಅನ್ನಿಸ್ಕೊಂಡಿರಲಿಲ್ಲ. ಬ್ಯಾರೆದವರನ್ನ ನೋಡ್ಕೋರಿ." ಬೀಗರು ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದು ಹೋದರು.

ಅಷ್ಟರಲ್ಲಿ ಮೆಣಸಿನಕಾಯಿ ಒಣಹಾಕಲು ಪಲ್ಲವಿ ಮೇಲೆ ಬಂದಳು. ಅವಳಿಗೂ ಕನ್ನಡಕವಿದೆ, ನನ್ನಿಂದಲೇ ಬಂದ ಆಸ್ತಿ. ನಾನು ದುರ್ಬೀನು ಹಿಡಿದ ರೀತಿ ನೋಡಿ, "ಅಪ್ಪಾ, ಕನ್ನಡಕ ಇದ್ದವರು ಈ ರಬ್ಬರ್ ಅಂಚು ಮಡಚಬೇಕು. ಇಲ್ಲಂದ್ರ ನಿನ್ನ ರೆಪ್ಪಿಕೂದಲ ನಿನಗ ಕಾಣತಾವು" ಎಂದು ಮಡಚಿ ಕೊಟ್ಟಳು. ನೋಡಿದೆ. ಹೊಲ ತೆರೆದುಕೊಂಡಿತು. ಅಟ್ಟದ ಮೇಲೆ ತಲೆ ನರೆತ ಮನುಷ್ಯನೊಬ್ಬ ನೆಟ್ಟಗೆ ನಿಂತು ಕಂಬಳಿ ಮಡಚುತ್ತಿದ್ದ. ಆಮೇಲೆ ಕವಣೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ನನ್ನ ಒಂದು ರೆಪ್ಪೆಕೂದಲಿಗಾಗಿ ಆತ ಎಂಟು ವರ್ಷದ ಕೆಲಸ ಬಿಟ್ಟು ಇಳಿಯುತ್ತಿದ್ದ. 

ಕೆಳಗಿಳಿದು ಬೀಗರಿಗೆ ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಇರ್ಲಿ ಬಿಡ್ರಿ ಬೀಗರ" ಎಂದು ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ಹೊಲದ ದಾರಿ ಹಿಡಿದೆವು.

ಮಲಕಪ್ಪ ಬದುವಿನ ಮೇಲೆ ಸಿಕ್ಕ. ಬೀಗರು, "ನಂದ ತಪ್ಪಾತು, ಹೋಗಬ್ಯಾಡ" ಎಂದರು. ತಪ್ಪು ಅವರದಲ್ಲ ಎಂದು ನಾನೇ ಬಾಯಿ ಬಿಡಬೇಕಾಯಿತು. "ತಪ್ಪು ನಂದ್ರಿ ಮಲಕಪ್ಪ. ನನಗ ನೀವು ಕಂಡಿರಲೇ ಇಲ್ಲ."

ಆತ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. "ನೀವು ಮಾಳಿಗಿ ಮ್ಯಾಲ ನಿಂತದ್ದು ನನಗ ಇಲ್ಲಿಂದನ ಕಂಡಿತ್ರಿ. ಬೀಗರು ಬಂದಾರಂತ ಕೈ ಎತ್ತಿ ಶರಣು ಮಾಡಿದೆ. ನೀವು ತಿರುಗಿ ಮಾಡಲಿಲ್ಲ. ದೊಡ್ಡವರು, ಇರ್ಲಿ ಅಂದ್ಕೊಂಡೆ."

ಅಟ್ಟದ ಬುಡಕ್ಕೆ ಬಂದು ಕಂಬಳಿಯನ್ನು ಮತ್ತೆ ಮೇಲೆ ಒಗೆದು, ನನ್ನತ್ತ ತಿರುಗಿ ಕೇಳಿದ. "ಈಗ ಕಾಣ್ತೇನೇನ್ರಿ?" ಅದರಲ್ಲಿ ಕುಹಕವಿರಲಿಲ್ಲ. ಪಾಪ, ನನ್ನ ಕಣ್ಣಿಗೆ ಏನೋ ಆಗಿದೆ ಎಂದೇ ಆತ ತಿಳಿದಿದ್ದ.

"ಹೌದ್ರಿ, ಚಲೋ ಕಾಣ್ತೀರಿ" ಎಂದೆ.

ಅದೂ ಸುಳ್ಳೇ. ತಲೆ ಎತ್ತಲಾಗದೆ ನಾನು ಆತನ ಚಪ್ಪಲಿ ನೋಡುತ್ತ ನಿಂತಿದ್ದೆ.