ಮಲ್ಲೇಶನ ನಾಲ್ಕು ಲೀಟರ್

ಚಿತ್ರದುರ್ಗದಲ್ಲಿ ಮನೆಯಲ್ಲೇ ಬಿಯರ್ ಕಾಯಿಸಿದ ಮೊದಲ ಮಹಾಪುರುಷ ತಾನೇ ಆಗಬೇಕೆಂದು ವಿಮಾ ಕಚೇರಿಯ ಮಲ್ಲೇಶ ಶಪಥ ಮಾಡಿದ! ಅವನು ಬೆಳೆಸಿದ ಅಣಬೆಗೆ ಬೂಷ್ಟು ಹಿಡಿದಿತ್ತು. ಸಾಕಿದ ಜೇನುಹುಳುಗಳು ಜೋಗಿಮಟ್ಟಿ ಕಡೆ ಹಾರಿ ಎರಡು ವರ್ಷವಾಗಿತ್ತು.

"ಇದೇ ಕೊನೇದು ರೀ," ಎಂದಳು ಹೆಂಡತಿ ಸಹನಾ. "ಇದೂ ಕೆಟ್ರೆ ನಿಮ್ ಸಾಮಾನೆಲ್ಲ ಗುಜರಿಗೆ! ಆಮೇಲೆ ಹೊಸ ಹುಚ್ಚಿನ ಮಾತೇ ಎತ್ತಂಗಿಲ್ಲ."

"ಬರ್ಕೊಂಡಿಟ್ಕ! ಈ ಸಲ ಗೆದ್ದೇ ಗೆಲ್ತೀನಿ!"

ಜೋನಿಬೆಲ್ಲದಂಥ ಮಾಲ್ಟ್ ಪಾಕವನ್ನು ನೀರಿಗೆ ಸುರಿದ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಎಂಬ ಒಣಹೂವನ್ನು ಹಾಕಿ ಗಂಟೆಗಟ್ಟಲೆ ಕುದಿಸಿದ. ಆರಿಸಿ, ಸೋಸಿ, ಯೀಸ್ಟ್ ಉದುರಿಸಿದ. ಇನ್ನು ಹತ್ತು ದಿನ ಹುದುಗಿದರೆ ನಾಲ್ಕು ಲೀಟರ್ ಅಮೃತ! ಸೋಡಾ ಬಾಟಲಿಯನ್ನೂ ಅನುಮಾನದಿಂದ ನೋಡುವ ಅವ್ವ ಶಿವಗಂಗಮ್ಮ ಸಿರಿಗೆರೆಯ ಮಗಳ ಮನೆಯಲ್ಲಿದ್ದಳು. ಆದರೂ ಮಲ್ಲೇಶ ಜಾಣ. ಸ್ಟೀಲ್ ಕೊಳಗಕ್ಕೆ ಬಿಳಿ ಬಟ್ಟೆ ಕಟ್ಟಿ ಅಡುಗೆಮನೆ ಮೂಲೆಗಿಟ್ಟ.

"ಯಾರು ನೋಡಿದ್ರೂ ದೋಸೆ ಹಿಟ್ಟು ಅನ್ಬೇಕು, ಹಂಗಿಟ್ಟೀನಿ!"

ಮೂರನೆಯ ದಿನ ಶನಿವಾರ. ಟೀಚರ್ ಸಹನಾ ಬೆಳಗಿನ ಶಾಲೆಗೆ ಹೋಗಿದ್ದಳು. ಮಲ್ಲೇಶ ಸೋಡಾ ಅಂಗಡಿಯಿಂದ ಖಾಲಿ ಬಾಟಲಿ ತುಂಬಿಕೊಂಡು ಬಂದರೆ ಬಾಗಿಲಲ್ಲಿ ಇಡೀ ಓಣಿಯ ಚಪ್ಪಲಿ! ಒಳಗೆ ಕಾವಲಿ ಚುಂಯ್ ಎನ್ನುತ್ತಿತ್ತು.

"ಬಾರಪ್ಪ, ಬಿಸಿಬಿಸಿ ತಿನ್ನು," ಎಂದಳು ಹೇಳದೆ ಕೇಳದೆ ಮೊದಲ ಬಸ್ಸಿಗೇ ಬಂದಿದ್ದ ಅವ್ವ. "ನಿನ್ ಹೆಂಡ್ತಿ ಹಿಟ್ಟನ್ನ ನೀರು ಮಾಡಿಟ್ಟಿದ್ಲು. ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು ಕಲಸಿ ಗಟ್ಟಿ ಮಾಡ್ದೆ. ಏನ್ ಉಕ್ಕಿತೋ ಮಾರಾಯ! ಎರಡು ಕೊಳಗ ಆತು. ಓಣಿಯವ್ರನ್ನೆಲ್ಲ ಕರ್ದೆ!"

ಬಾಟಲಿಗಳನ್ನು ಬಾಗಿಲಲ್ಲೇ ಇಟ್ಟು ಒಲೆಯತ್ತ ಓಡಿದ. ಮಲ್ಲೇಶನ ಬಿಯರು ಗುಂಡಗೆ, ಕೆಂಪಗೆ, ಬೆಣ್ಣೆ ಸವರಿಸಿಕೊಂಡು ತಟ್ಟೆ ಸೇರುತ್ತಿತ್ತು! ಅವನಿಗೆ ನಿಜವಾಗಿಯೂ ಅಳು ಬಂತು.

ಪಕ್ಕದ ಮನೆಯ ತಿಪ್ಪಕ್ಕ ಐದನೆಯದಕ್ಕೆ ತಟ್ಟೆ ಒಡ್ಡಿದಳು. "ಹೂವಿನಂಗೈತೆ ಕಣವ್ವ! ಒಂಚೂರು ಕಹಿ, ಅಷ್ಟೇ."

"ಮೆಂತ್ಯ ಜಾಸ್ತಿ ಬಿದ್ದೈತೆ," ಎಂದು ಅವ್ವ ತೀರ್ಪು ಕೊಟ್ಟಳು. ಅಷ್ಟರಲ್ಲಿ ಶಾಲೆಯಿಂದ ಬಂದ ಸೊಸೆಯನ್ನು ಕೇಳಿದಳು, "ಏನಮ್ಮ, ಇಷ್ಟು ಚೆಂದ ಹುದುಗ್ಸೋದು ಯಾವಾಗ ಕಲ್ತೆ?"

ಸಹನಾ ಕೊಳಗ ನೋಡಿದಳು, ಗಂಡನ ಮುಖ ನೋಡಿದಳು, ಸೆರಗು ಬಾಯಿಗೊತ್ತಿಕೊಂಡಳು. "ನಾನಲ್ಲತ್ತೆ. ನಿಮ್ ಮಗ ಮಾಡಿದ್ದು. ಮೂರು ದಿನದಿಂದ ಕಾವಲು ಕಾಯ್ತಿದ್ರು."

ಅವ್ವನ ಕಣ್ಣು ತುಂಬಿತು. "ನಲವತ್ತು ವರ್ಷಕ್ಕೆ ನನ್ ಮಗಂಗೆ ಒಂದು ವಿದ್ಯೆ ಕೈಹತ್ತಿತಲ್ಲ! ಇನ್ಮೇಲೆ ವಾರವಾರ ಹಿಟ್ಟು ಇವನೇ ಮಾಡ್ಲಿ!"

"ಸಹನಾ, ನಾನು ಗೆದ್ನೋ ಸೋತ್ನೋ?" ಎಂದು ಮಲ್ಲೇಶ ಪಿಸುಗುಟ್ಟಿದ.

"ಗೆದ್ರಿ. ಸಾಮಾನು ಗುಜರಿಗೆ ಹೋಗಲ್ಲ. ಉದ್ದಿನಬೇಳೆ ನೆನೆಸೋದು ಕಲೀರಿ."

ಮುಂದಿನ ಶನಿವಾರ ಮಲ್ಲೇಶ ಸೊಂಟ ಕಟ್ಟಿ, ಅಪ್ಪಟ ದೋಸೆ ಹಿಟ್ಟನ್ನೇ ರುಬ್ಬಿ, ದೋಸೆ ಹುಯ್ದು ಬಡಿಸಿದ. ಅವ್ವ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದಳು.

"ಹೋದ ವಾರದ ರುಚಿ ಇಲ್ಲಪ್ಪ. ಆ ಕಹೀನೇ ಚೆಂದಿತ್ತು!"

ಮಲ್ಲೇಶ ಅಟ್ಟದ ಮೇಲಿದ್ದ ಹಾಪ್ಸ್ ಪೊಟ್ಟಣವನ್ನು ಆಸೆಯಿಂದ ನೋಡಿದ. ಸಹನಾ ಅವನ ಕೈಗೆ ಮೆಂತ್ಯದ ಡಬ್ಬಿ ಕೊಟ್ಟಳು.