ಆರ್ವೆಲ್‌ನ ಕೂಗಿಗೆ ಓಗೊಟ್ಟ ಟರ್ಕಿ

ಆರ್ವೆಲ್ ಸ್ಟಿಲ್‌ವೆಲ್ ಆ ಮಾತು ಆಡಬಾರದಿತ್ತು. ಆಡಿದರೂ, ಚರ್ಚಿನ ನೆಲಮಾಳಿಗೆಯಲ್ಲಿ ಅರವತ್ತು ಜನ ತಟ್ಟೆ ಹಿಡಿದು ಊಟಕ್ಕೆ ಕೂತಿದ್ದಾಗ ಎದ್ದು ನಿಂತು ಆಡಬಾರದಿತ್ತು!

ಅವತ್ತು ಅವನ ಭಾವಮೈದುನ ಡಾಯ್ಲ್‌ನನ್ನು ಮಣ್ಣು ಮಾಡಿ ಬಂದಿದ್ದರು. ಫೆಬ್ರವರಿಯ ಚಳಿ. ಬಿಸಿ ಹ್ಯಾಮು, ಆಲೂಗಡ್ಡೆ ಪಲ್ಯ, ಹನ್ನೊಂದು ಥರದ ಪೈ. ಹೊಟ್ಟೆ ತುಂಬಿತ್ತು, ಕಣ್ಣು ತುಂಬಿತ್ತು; ಇವೆರಡೂ ಒಟ್ಟಿಗೆ ತುಂಬಿದ ಗಂಡಸಿನ ಬಾಯಿಗೆ ಬೀಗ ಇರುವುದಿಲ್ಲ. ಆರ್ವೆಲ್ ಚಮಚದಿಂದ ಲೋಟ ತಟ್ಟಿದ.

"ಎಲ್ಲರೂ ಕೇಳಿ! ನಲವತ್ತು ವರ್ಷ ನಾನು, ಡಾಯ್ಲ್ ಜೊತೆಯಾಗಿ ಟರ್ಕಿ ಕೋಳಿ ಬೇಟೆ ಆಡಿದ್ವಿ. ಈ ವಸಂತದಲ್ಲಿ ನಾನೊಬ್ಬನೇ ಹೋಗ್ತೀನಿ. ಒಣಹಳ್ಳದ ದಿಬ್ಬದ ಜಡ್ಜನ್ನ ಹೊಡೀತೀನಿ! ಅದರ ಗಡ್ಡ ತಂದು, ಗೋರಿಗೆ ಹೂ ಇಡೋ ದಿನ ಡಾಯ್ಲ್‌ನ ಕಲ್ಲಿಗೆ ನನ್ನ ಕೈಯಾರೆ ಕಟ್ತೀನಿ!"

ಜಡ್ಜ್ ಎಂದರೆ ಒಂದು ಮುದಿ ಗಂಡು ಟರ್ಕಿ. ಯಾರ ಅರ್ಜಿಗೂ ಕಿವಿಗೊಡುವುದಿಲ್ಲವೆಂದು ಊರಿನವರು ಇಟ್ಟ ಹೆಸರು ಅದು. ಎದೆಯಿಂದ ಕೂದಲ ಕುಚ್ಚಿನಂತೆ ಇಳಿಬಿದ್ದ ಅದರ ಗಡ್ಡ ಒಂದು ಗೇಣಿಗೂ ಉದ್ದವಂತೆ. ಜನ ಮೂಗೊರೆಸಿಕೊಂಡರು, ಪಾದ್ರಿಗಳು "ಆಮೆನ್" ಅಂದರು. ಹೆಂಡತಿ ಓಪಲ್ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, ಟ್ರಕ್ಕಿನಲ್ಲಿ, ಒಂದೇ ಮಾತು ಕೇಳಿದಳು.

"ಕೂಗೋರು ಯಾರು?"

ಊರಿಗೆ ಗೊತ್ತಿಲ್ಲದ, ಈ ಮನೆಗೆ ಮಾತ್ರ ಗೊತ್ತಿದ್ದ ಗುಟ್ಟೊಂದಿತ್ತು. ಟರ್ಕಿ ಬೇಟೆಯಲ್ಲಿ ಗುಂಡು ಹೊಡೆಯುವುದು ದೊಡ್ಡ ವಿದ್ಯೆಯಲ್ಲ. ಹೇಂಟೆಯ ದನಿಯಲ್ಲಿ ಕೂಗಿ ಗಂಡನ್ನು ಬಂದೂಕಿನ ಮುಂದೆ ತಂದು ನಿಲ್ಲಿಸುವುದೇ ವಿದ್ಯೆ. ನಲವತ್ತು ವರ್ಷವೂ ಆರ್ವೆಲ್ ಮುಂದೆ ಓಕ್ ಮರಕ್ಕೆ ಒರಗಿ ಕೂರುತ್ತಿದ್ದ. ಡಾಯ್ಲ್ ಇಪ್ಪತ್ತು ಮಾರು ಹಿಂದೆ ಕೂತು, ಅಪ್ಪನ ಕಾಲದ ದೇವದಾರು ಪೆಟ್ಟಿಗೆಯ ಮುಚ್ಚಳಕ್ಕೆ ಸೀಮೆಸುಣ್ಣ ಸವರಿ, ಅದನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿ ಮೆಲ್ಲಗೆ ಎಳೆದು ಹೇಂಟೆಯ ಹಾಗೆ ಕೂಗಿಸುತ್ತಿದ್ದ. ಮೂರು ಗಿಡ್ಡ ಕೂಗು, ಒಂದು ಮೌನ, ಆಮೇಲೆ ಒಂದು ಉದ್ದನೆಯ ಒಡಕು ಕೂಗು. ಗಂಡು ಟರ್ಕಿ ಮದುಮಗನ ಹಾಗೆ ರೆಕ್ಕೆ ಹರಡಿಕೊಂಡು ಬರುತ್ತಿತ್ತು. ಆರ್ವೆಲ್ ಢಂ ಅನ್ನಿಸುತ್ತಿದ್ದ. ಕೊಟ್ಟಿಗೆಯ ಗೋಡೆಯ ಮೇಲೆ ಮೂವತ್ತೆಂಟು ಗಡ್ಡ, ಊರಿನಲ್ಲಿ ಆರ್ವೆಲ್‌ಗೆ ಹೆಸರು!

"ಕೂಗೋದೇನು ಮಹಾ? ಆ ಪೆಟ್ಟಿಗೆ ಇದ್ದರೆ ಕತ್ತೆನೂ ಕೂಗುತ್ತೆ," ಅಂದ ಆರ್ವೆಲ್.

"ಹೌದು, ಕತ್ತೆ ಕತ್ತೆ ಥರಾನೇ ಕೂಗುತ್ತೆ," ಅಂದಳು ಓಪಲ್.

ಪೆಟ್ಟಿಗೆಯೋ, ಸಿಗಲಿಲ್ಲ. ಡಾಯ್ಲ್ ಮದುವೆಯಾಗದವನು; ಅವನ ಮನೆಯ ಸಾಮಾನೆಲ್ಲ ಕಟ್ಟಿ ಎತ್ತಿಟ್ಟವಳು ಓಪಲ್. ಕೇಳಿದರೆ "ಎಲ್ಲೋ ಇರುತ್ತೆ ಬಿಡು" ಅಂದಳು. ಸರಿ, ಆರ್ವೆಲ್ ಪೇಟೆಗೆ ಹೋಗಿ, ನಾಲಿಗೆಯಿಂದ ಅಂಗುಳಿಗೆ ಒತ್ತಿಟ್ಟು ಊದುವ ರಬ್ಬರ್ ಬಿಲ್ಲೆ ಕೊಂಡು ತಂದ. ಅಲ್ಲಿಂದ ಆ ಮನೆಗೆ ಶನಿ ವಕ್ಕರಿಸಿತು!

ಮೊದಲ ದಿನ ನಾಯಿ ಜಗಲಿಯ ಕೆಳಗೆ ಸೇರಿಕೊಂಡಿತು. ಎರಡನೆಯ ದಿನ ಪಕ್ಕದ ಜಮೀನಿನವನು ಫೋನು ಮಾಡಿ, "ಆರ್ವೆಲ್, ನಿಮ್ಮ ಬಾವಿ ಪಂಪು ಕೆಟ್ಟಿದೆಯಾ?" ಅಂತ ಮರುಕದಿಂದ ವಿಚಾರಿಸಿದ. ಬಚ್ಚಲಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು ಆರ್ವೆಲ್ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಅಭ್ಯಾಸಕ್ಕೆ ಕೂತ.

"ಹೇಂಟೆ ಥರ ಕೇಳುತ್ತಾ?" ಒಳಗಿನಿಂದ ಕೂಗಿದ.

"ಹೇಂಟೆಯ ಕತ್ತು ಹಿಚುಕಿದ ಥರ ಕೇಳುತ್ತೆ! ಆಚೆ ಬಾ ಮಾರಾಯ, ನಾನು ಸ್ನಾನ ಮಾಡಬೇಕು."

ಕಳಶಪ್ರಾಯವಾದದ್ದು ಈಸ್ಟರ್ ಭಾನುವಾರ. ಬಿಲ್ಲೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ಆರ್ವೆಲ್ ಚರ್ಚಿಗೆ ಹೋದ. ಮೌನ ಪ್ರಾರ್ಥನೆಯ ಹೊತ್ತು, ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ. ಆಗ ಅವನಿಗೊಂದು ಬಿಕ್ಕಳಿಕೆ ಬಂತು. "ಕ್ಯಾಂವ್!" ಇಡೀ ಸಭೆ ತಿರುಗಿ ನೋಡಿತು. ತಡೆಯಲು ಬಾಯಿ ಬಿಗಿ ಹಿಡಿದ. ಎರಡನೆಯದು ಇನ್ನೂ ಜೋರಾಗಿ ಬಂತು. ಪಾದ್ರಿಗಳು ಒಂದು ಕಣ್ಣು ತೆರೆದು, "ದೇವರು ಎಲ್ಲ ಜೀವಿಗಳ ಮೊರೆಯನ್ನೂ ಕೇಳುತ್ತಾನೆ," ಅಂದರು. ಓಪಲ್‌ಳ ಕಿವಿ ಕೆಂಪಾಯಿತು. ಆದರೆ ಅವಳು ಡಾಯ್ಲ್ ಸತ್ತ ಮೇಲೆ ಮೊದಲನೆಯ ಸಲ ನಕ್ಕದ್ದೂ ಆವಾಗಲೇ. ಅದನ್ನು ಆರ್ವೆಲ್ ಗಮನಿಸಲಿಲ್ಲ. ಅವನು ನಾಚಿಕೆಯಿಂದ ತನ್ನ ಬೂಟು ನೋಡುತ್ತಿದ್ದ.

ಏಪ್ರಿಲ್ ಮೂರನೆಯ ಸೋಮವಾರ ಬೇಟೆ ಶುರುವಾಯಿತು. ಕಾನೂನಿನಂತೆ ಮೂರು ವಾರ ಗಡುವು, ದಿನಾ ಮಧ್ಯಾಹ್ನ ಒಂದು ಗಂಟೆಗೆ ಬಂದೂಕು ಕೆಳಗಿಡಬೇಕು. ಆರ್ವೆಲ್ ಎಲೆಬಣ್ಣದ ಬಟ್ಟೆ ತೊಟ್ಟು ನಸುಕಿನಲ್ಲೇ ದಿಬ್ಬ ಹತ್ತಿ, ಅದೇ ಹಳೆಯ ಓಕ್ ಮರಕ್ಕೆ ಒರಗಿ ಕೂತ. ಬೆನ್ನ ಹಿಂದೆ ಡಾಯ್ಲ್ ಇಲ್ಲದ ಜಾಗ ಗಾಳಿಗಿಂತ ತಣ್ಣಗಿತ್ತು. ಎರಡು ಸಲ ತಿರುಗಿ ನೋಡಿದ.

ವಸಂತದಲ್ಲಿ ಗಂಡು ಟರ್ಕಿಗೆ ತಲೆ ನೆಟ್ಟಗಿರುವುದಿಲ್ಲ. ಗುಡುಗಿದರೂ ಓಗೊಡುತ್ತದೆ, ಗೂಬೆ ಕೂಗಿದರೂ ಓಗೊಡುತ್ತದೆ, ಟ್ರಕ್ಕಿನ ಬಾಗಿಲು ಧಡ್ ಅಂದರೂ "ಗೊಳಗೊಳಗೊಳ" ಎಂದು ಉತ್ತರ ಕೊಡುತ್ತದೆ. ಜಡ್ಜ್ ಕೂಡ ಅವತ್ತು ಗೂಬೆಗೆ ಓಗೊಟ್ಟಿತು, ಕಾಗೆಗೆ ಓಗೊಟ್ಟಿತು. ಆರ್ವೆಲ್ ಊದಿದ. ಜಡ್ಜ್ ಗಪ್‌ಚುಪ್! ಮತ್ತೆ ಊದಿದ. ಕಾಡಿಗೆ ಕಾಡೇ ಬಾಯಿ ಮುಚ್ಚಿಕೊಂಡಿತು.

ಆಗ ಬೆನ್ನ ಹಿಂದೆ, ಎಲ್ಲೋ ಪೊದೆಯಲ್ಲಿ, ಒಂದು ಹೇಂಟೆ ಕೂಗಿತು. ಮೂರು ಗಿಡ್ಡ ಕೂಗು, ಒಂದು ಮೌನ, ಒಂದು ಉದ್ದನೆಯ ಒಡಕು ಕೂಗು. ತಕ್ಷಣ ಜಡ್ಜ್ ಉತ್ತರ ಕೊಟ್ಟಿತು, ದಿಬ್ಬವೇ ನಡುಗುವ ಹಾಗೆ.

ಆರ್ವೆಲ್‌ಗೆ ಹೊಟ್ಟೆ ಉರಿದುಹೋಯಿತು. ಈ ಹೇಂಟೆ ತನ್ನ ಗಂಡನ್ನು ಹಾರಿಸಿಕೊಂಡು ಹೋಗುತ್ತದೆಂದು ಗಾಬರಿಬಿದ್ದು, ಎದ್ದು, ಬಗ್ಗಿಕೊಂಡು ದಿಬ್ಬದ ಆಚೆ ಬದಿಗೆ ಓಡಿ ಕೂತ. ಅಷ್ಟೇ. ಮತ್ತೇನೂ ಆಗಲಿಲ್ಲ. ಹನ್ನೊಂದು ಗಂಟೆಗೆ ವಾಪಸು ಬಂದು ನೋಡಿದರೆ, ಅವನು ಮೊದಲು ಕೂತಿದ್ದ ಓಕ್ ಮರದ ಬುಡದಲ್ಲೇ ಜಡ್ಜ್‌ನ ಹೆಜ್ಜೆ ಗುರುತು!

ಮರುದಿನವೂ ಇದೇ, ಅದರ ಮರುದಿನವೂ ಇದೇ.

"ದಿಬ್ಬದಲ್ಲಿ ಒಂದು ಗಯ್ಯಾಳಿ ಹೇಂಟೆ ಸೇರಿಕೊಂಡಿದೆ!" ಎಂದು ಅಡಿಗೆಮನೆಯಲ್ಲಿ ಮೇಜು ಗುದ್ದಿದ.

"ಗಯ್ಯಾಳೀನಾ?" ಓಪಲ್ ಒಲೆಯ ಕಡೆಗೇ ಮುಖ ಮಾಡಿದ್ದಳು.

"ಹೂಂ ಮತ್ತೆ! ನನಗೆ ಬಾಯಿ ತೆಗೆಯೋಕೆ ಬಿಡಲ್ಲ. ನಾನು ಒಂದು ಅಂದರೆ ತಾನು ನಾಲ್ಕು ಅನ್ನುತ್ತೆ. ಮುದಿ ಹೇಂಟೆ, ಗಂಟಲೆಲ್ಲ ಒಡಕು. ಆದರೂ ಎಷ್ಟು ಸೊಕ್ಕು ಅಂತೀಯ!"

ಬಾಣಲೆ ಧಡ್ ಎಂದು ಮೇಜಿನ ಮೇಲೆ ಕೂತಿತು. "ಗ್ರೇವಿ ಇವತ್ತು ಇಷ್ಟೇ ಇರೋದು."

"ಯಾಕೆ? ನಿನ್ನ ಸ್ಕರ್ಟಿಗೆ ಅದೇನು, ಅಂಟುಮುಳ್ಳು?"

"ಕೋಳಿಗೂಡಿನ ಹತ್ತಿರ ಹೋಗಿದ್ದೆ."

"ಬೆರಳಲ್ಲಿ ಬಿಳಿ ಪುಡಿ?"

"ಹಿಟ್ಟು. ನಿನ್ನ ತಿಂಡಿ ತಾನೇ ಬೇಯುತ್ತಾ? ತಿನ್ನು!"

ಎರಡನೆಯ ವಾರ ಆರ್ವೆಲ್ ನಿದ್ದೆ ಕೆಟ್ಟ. ಆ ಕೂಗು ಥೇಟ್ ಡಾಯ್ಲ್‌ನದೇ. ಸತ್ತವನು ದಿಬ್ಬಕ್ಕೆ ಬಂದು, "ನನ್ನ ಹೆಸರಲ್ಲಿ ಜಂಬ ಕೊಚ್ಚಿದೆಯಲ್ಲ, ಅನುಭವಿಸು," ಎಂದು ಆಟ ಆಡಿಸುತ್ತಿದ್ದಾನೆಯೆ? ಕಾಳಿನ ಅಂಗಡಿಯಲ್ಲಿ ಜನ ಕೇಳತೊಡಗಿದರು: "ಏನಪ್ಪಾ ಆರ್ವೆಲ್, ಗಡ್ಡ ಬಂತಾ?" "ಬಂತು, ಗಲ್ಲದ ಮೇಲೆ!" ಅಂತ ಒಬ್ಬ. ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆರ್ವೆಲ್‌ಗೆ ಒಳಗೊಳಗೇ ಒಂದು ಮಾತು ಕೊರೆಯುತ್ತಿತ್ತು. ಆ ಕಲ್ಲಿನ ಮುಂದೆ ಬರಿಗೈಯಲ್ಲಿ ನಿಂತರೆ, ನಲವತ್ತು ವರ್ಷದ ಗೆಳೆತನದಲ್ಲಿ ತನ್ನದು ಅಂತ ಏನಿತ್ತು?

ಕೊನೆಯ ದಿನ ಬಂತು. ಹನ್ನೆರಡೂವರೆ. ಬಂದೂಕು ಇಳಿಸಲು ಇನ್ನು ಅರ್ಧ ಗಂಟೆ. ಹೇಂಟೆ ಮತ್ತೆ ಕೂಗಿತು, ಹಿಂದಿನಿಂದಲೇ.

ಡಾಯ್ಲ್ ಎರಡೇ ಕಟ್ಟಳೆ ಹೇಳಿಕೊಟ್ಟಿದ್ದ. ಒಂದು: ಕೂಗು ಕೇಳಿದ ಕಡೆ ನಡೆದು ಹೋಗಬೇಡ, ಕೂಗುವುದು ಕೋಳಿಯೋ ಮನುಷ್ಯನೋ ದೇವರಿಗೇ ಗೊತ್ತು. ಎರಡು: ಕೆಂಪು ತಲೆ ಕಂಡಿತೆಂದು ಟ್ರಿಗರ್ ಒತ್ತಬೇಡ, ಎದೆಯ ಗಡ್ಡ ಕಣ್ಣಿಗೆ ಬೀಳುವ ತನಕ ಕಾಯಿ. ರೋಷ ಹತ್ತಿದ ಆರ್ವೆಲ್ ಮೊದಲನೆಯ ಕಟ್ಟಳೆ ಮುರಿದ. ಹೇಂಟೆಯಿದ್ದಲ್ಲಿಗೇ ಜಡ್ಜ್ ಬಂದಿರುತ್ತದೆ, ಅಲ್ಲೇ ಹೊಡೆಯೋಣ ಎಂದು ಮೊಣಕಾಲೂರಿ ತೆವಳುತ್ತಾ ಹೋದ. ಪೊದೆಯ ಸಂದಿಯಲ್ಲಿ ಕೆಂಪಗೆ ಏನೋ ಅಲುಗಾಡಿತು. ಬಂದೂಕು ಹೆಗಲಿಗೇರಿತು. ಗುಂಡು ಹಾರದಂತೆ ತಡೆಯುವ ಕೀಲು ತೆಗೆದ.

ಕೆಂಪು ಮೇಲೆ ಹೋಯಿತು, ಕೆಳಗೆ ಬಂತು. ಬೆರಳು ಟ್ರಿಗರ್ ಮೇಲಿತ್ತು. ಗಡ್ಡ ಎಲ್ಲಿ? ಕಾಯಿ ಆರ್ವೆಲ್, ಕಾಯಿ. ಗಡ್ಡ ಕಾಣಲಿ.

ಗಡ್ಡ ಕಾಣಲಿಲ್ಲ. ಒಂದು ಸದ್ದು ಕೇಳಿಸಿತು: ಫೊರ್ರ್ರ್ ಎಂದು ಮೂಗು ಸೀಟಿದ ಸದ್ದು. ನಲವತ್ತಮೂರು ವರ್ಷದಿಂದ ಅವನು ಪ್ರತಿ ನೆಗಡಿಯಲ್ಲೂ, ಪ್ರತಿ ಸಾವಿನಲ್ಲೂ ಪಕ್ಕದ ದಿಂಬಿನಿಂದ ಕೇಳಿದ ಸದ್ದು ಅದು.

ಆರ್ವೆಲ್ ಬಂದೂಕು ಇಳಿಸಿದ, ತೋಟಾಗಳನ್ನು ತೆಗೆದು ಹಳ್ಳಕ್ಕೆ ಎಸೆದುಬಿಟ್ಟ. ಪೊದೆ ಸರಿಸಿದ. ಡಾಯ್ಲ್‌ನ ಎಲೆಬಣ್ಣದ ಕೋಟು ತೊಟ್ಟು, ಡಾಯ್ಲ್‌ನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು, ಡಾಯ್ಲ್‌ನ ಕೆಂಪು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಓಪಲ್ ಕೂತಿದ್ದಳು.

"ನೀನಾ!" ಅಂದ.

"ಹೂಂ, ಗಯ್ಯಾಳಿ," ಅಂದಳು ಓಪಲ್. "ಮೂರು ವಾರದಿಂದ ಡಾಯ್ಲ್ ಕೂರ್ತಿದ್ದ ಜಾಗದಲ್ಲೇ ಕೂತು ಜಡ್ಜನ್ನ ನಿನ್ನ ಮುಂದಕ್ಕೇ ಕಳಿಸ್ತಿದ್ದೀನಿ. ನಿನಗೆ ಕೂತಲ್ಲಿ ಕೂರೋಕೆ ಏನು ರೋಗ?"

"ನಿನ್ನನ್ನ... ಓಪಲ್, ನಾನು ನಿನ್ನನ್ನ ಹೊಡೆದೇ ಬಿಡ್ತಿದ್ದೆ! ಕೀಲು ತೆಗೆದಿದ್ದೆ ಕಣೇ!"

ಅವಳ ಮುಖ ಬಿಳಿಚಿತು. "ಯಾಕೆ ಹೊಡೀಲಿಲ್ಲ?"

"ಗಡ್ಡ ಕಾಣಲಿಲ್ಲ."

"ಡಾಯ್ಲ್ ಹೇಳಿಕೊಟ್ಟದ್ದು," ಅಂದಳು ಮೆಲ್ಲಗೆ. ಇಬ್ಬರೂ ಪೆಟ್ಟಿಗೆಯನ್ನೇ ನೋಡಿದರು.

"ಇದನ್ನ ಯಾವಾಗ ಕಲಿತೆ ನೀನು?"

"ಡಾಯ್ಲ್‌ಗೆ ಕಲಿಸಿದ್ದು ಯಾರು ಅಂದುಕೊಂಡೆ? ಅಪ್ಪ ನನಗೆ ಕಲಿಸಿದ, ನಾನು ತಮ್ಮನಿಗೆ ಕಲಿಸಿದೆ. ದಿಬ್ಬಕ್ಕೆ ಮಾತ್ರ ಅವನನ್ನ ಕರಕೊಂಡು ಹೋದರು. ನೀವು ಗಂಡಸರು ಹೊಡೆದು ತಂದಿರಿ, ನಾನು ಪುಕ್ಕ ಕಿತ್ತೆ. ಮೂವತ್ತೆಂಟು ಟರ್ಕಿ, ಆರ್ವೆಲ್."

"ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದೆಯಾ? ಚರ್ಚಲ್ಲಿ ಎದ್ದು ನಿಂತು 'ನನ್ನ ಜೊತೆಗಾರ, ನನ್ನ ಜೊತೆಗಾರ' ಅಂದೆ. ಊರೆಲ್ಲ ಬಂದು ನಿನ್ನ ಬೆನ್ನು ತಟ್ಟಿತು. ಅವನು ನನ್ನ ತಮ್ಮ ಕಣೋ. ಎತ್ತಿ ಆಡಿಸಿದ ತಮ್ಮ. ನಿನಗೆ ಹೇಗಿದೆ ಓಪಲ್ ಅಂತ ಫೆಬ್ರವರಿಯಿಂದ ಒಂದು ದಿನ ಕೇಳಿದೆಯಾ? ಇಲ್ಲಿ ಬಂದು ಇದನ್ನ ಎಳೆದರೆ ಅವನ ದನಿ ಬರುತ್ತೆ. ಅದಕ್ಕೇ ಬರ್ತಿದ್ದೆ."

ಆರ್ವೆಲ್ ನೆಲದ ಮೇಲೆ ಕುಸಿದ. ಬೂಟು ನೋಡಿದ, ಆಕಾಶ ನೋಡಿದ, ಪ್ರಯೋಜನವಾಗಲಿಲ್ಲ. ಫೆಬ್ರವರಿಯಿಂದ ಕಟ್ಟಿ ಇಟ್ಟದ್ದೆಲ್ಲ ಒಂದೇ ಸಲ ಒಡೆದು, ಅರವತ್ತೇಳು ವರ್ಷದ ಗಂಡಸು ದನಿ ತೆಗೆದು ಹೋ ಎಂದು ಅತ್ತುಬಿಟ್ಟ. ಎಂಥ ಅಳು! ಎಮ್ಮೆ ಕರುವನ್ನು ಕರೆದ ಹಾಗಿತ್ತು.

"ಗೊಳಗೊಳಗೊಳಗೊಳ!"

ಮೂವತ್ತು ಮಾರು ದೂರದ ಗಿಡದ ಮರೆಯಿಂದ ಜಡ್ಜ್!

ಇಬ್ಬರೂ ಉಸಿರು ಹಿಡಿದರು. ಆರ್ವೆಲ್ ತಡೆಯಲಾಗದೆ ಇನ್ನೊಂದು ಸಲ ಬಿಕ್ಕಿದ. ಜಡ್ಜ್ ಮತ್ತೆ ಓಗೊಟ್ಟಿತು, ಇನ್ನೂ ಹತ್ತಿರ ಬಂದು. ಬಂದೂಕು ಖಾಲಿ, ತೋಟಾ ಹಳ್ಳದ ಪಾಲು, ಒಂದು ಗಂಟೆಗೆ ಇನ್ನೂ ಒಂಬತ್ತು ನಿಮಿಷ!

ಓಪಲ್ ಅವನ ಕೈಗೆ ಕೆಂಪು ಕರವಸ್ತ್ರ ಕೊಟ್ಟಳು. "ನಲವತ್ತು ವರ್ಷದಲ್ಲಿ ಮೊದಲನೇ ಸಲ ಸರಿಯಾಗಿ ಕೂಗಿದೆ ನೋಡು," ಅಂದಳು.

ಮೇ ತಿಂಗಳ ಕೊನೆಯಲ್ಲಿ ಊರಿನವರೆಲ್ಲ ಗೋರಿಗಳನ್ನು ತೊಳೆದು, ಹೂ ಇಟ್ಟು, ಮರದ ನೆರಳಲ್ಲಿ ಉದ್ದನೆಯ ಮೇಜು ಹಾಕಿದರು. ಎಲ್ಲರ ಕಣ್ಣೂ ಆರ್ವೆಲ್‌ನ ಬರಿಗೈ ಮೇಲೆ. ಅವನು ಈ ಸಲ ಲೋಟ ತಟ್ಟಲಿಲ್ಲ. ಎದ್ದು ನಿಂತು, ಟೋಪಿ ತೆಗೆದು ಹೇಳಿದ: "ಗಡ್ಡ ತಂದಿಲ್ಲ. ನನಗೆ ಕೂಗೋಕೆ ಬರಲ್ಲ, ಯಾವತ್ತೂ ಬರ್ತಿರಲಿಲ್ಲ. ನಲವತ್ತು ವರ್ಷ ಡಾಯ್ಲ್ ಕೂಗಿದ. ಡಾಯ್ಲ್‌ಗೆ ಕಲಿಸಿದೋಳು ಇಲ್ಲಿದ್ದಾಳೆ. ಇವಳ ತಮ್ಮ ಸತ್ತಿದ್ದಾನೆ. ಬೆನ್ನು ತಟ್ಟೋದಿದ್ದರೆ ಇವಳದು ತಟ್ಟಿ."

ಯಾರೂ ನಗಲಿಲ್ಲ. ಓಪಲ್ ಚೀಲದಿಂದ ಪೆಟ್ಟಿಗೆ ತೆಗೆದು ಕಲ್ಲಿನ ಪಕ್ಕ ಮಂಡಿಯೂರಿದಳು. ಸೀಮೆಸುಣ್ಣ ಸವರಿದಳು, ಮೂರು ಗಿಡ್ಡ ಕೂಗು ಎಳೆದಳು, ನಿಲ್ಲಿಸಿದಳು, ಒಂದು ಉದ್ದನೆಯದನ್ನು ಎಳೆದಳು. ಹೆಂಗಸರು ಅಂಗೈಯಲ್ಲೇ ಕಣ್ಣೊರೆಸಿಕೊಂಡರು. ಎಲ್ಲರೂ ಬೇಲಿಯಾಚೆಯ ಕಾಡಿಗೆ ಕಿವಿಗೊಟ್ಟರು. ಕಾಡು ಸುಮ್ಮನಿತ್ತು.

ಓಪಲ್ ತಿರುಗಿ ಗಂಡನನ್ನು ನೋಡಿದಳು.

"ಏನು ನಿಂತಿದ್ದೀಯ ಆರ್ವೆಲ್? ನಾನು ಕೂಗಿದ್ದಾಯಿತು. ಇನ್ನು ನೀನು ಅಳು, ಜಡ್ಜ್ ನಿನ್ನ ಮಾತೇ ಕೇಳೋದು."

ಆರ್ವೆಲ್ ಆಗಲೇ ಶುರು ಮಾಡಿದ್ದ.